ಉದ್ದ 16, ಒಳಗೆ 2: ಒಂದು ರೆಂಡರಿಂಗ್ ಮಷೀನಿಗೆ ಮದರ್‌ಬೋರ್ಡ್ ಆರಿಸಿದ ಪ್ರಕರಣ

ಉತ್ತರ ಕರ್ನಾಟಕದ ಒಂದು ಊರು. ಅಪಾರ್ಟ್‌ಮೆಂಟ್, ಮನೆ, ಅಂಗಡಿ ಕಟ್ಟುವ ಮೊದಲೇ ಅವು ಹೇಗೆ ಕಾಣುತ್ತವೆ ಅಂತ ಚಿತ್ರ, ವಿಡಿಯೊ ಮಾಡಿಕೊಡುವ ಸಣ್ಣ ಸ್ಟುಡಿಯೊ. ಐದು ಜನ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬೋರ್ಡ್‌ಗಳ ಕಂಪನಿ ಹೆಸರನ್ನೂ ಬೇಕಂತಲೇ ಬಿಟ್ಟಿದ್ದೇನೆ. ಮಾಡೆಲ್‌ಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಇಲ್ಲಿ ಆದ ತಪ್ಪು ಯಾವ ಕಂಪನಿಯ ಬೋರ್ಡ್ ತಗೊಂಡಿದ್ದರೂ ಆಗುತ್ತಿತ್ತು. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಅವರು ಮೊದಲು ತಗೊಂಡ ಬೋರ್ಡ್‌ಗೆ "ತಗೊಳ್ರಿ, ಏನೂ ತೊಂದರೆ ಇಲ್ಲ" ಅಂದ ಸಲಹೆಗಾರ ನಾನೇ.

ಹಿನ್ನೆಲೆ

2023ರ ಮಳೆಗಾಲದವರೆಗೆ ಅವರ ಹತ್ತಿರ ಇದ್ದದ್ದು ಒಂದೇ ದೊಡ್ಡ ಮಷೀನು. ಅದರಲ್ಲಿ ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್. ಹಗಲು ಅದರಲ್ಲೇ ಮಾಡೆಲಿಂಗ್, ರಾತ್ರಿ ಅದರಲ್ಲೇ ರೆಂಡರ್, ಅಂದರೆ ಆ ಮಾಡೆಲ್‌ನಿಂದ ಬೆಳಕು ನೆರಳು ಸಮೇತ ಪೂರ್ತಿ ಚಿತ್ರ ತೆಗೆಯುವ ಕೆಲಸ. ಸಾಫ್ಟ್‌ವೇರ್ ಬ್ಲೆಂಡರ್, ಅದರೊಳಗೆ ರೆಂಡರ್ ಮಾಡುವ ಎಂಜಿನ್ ಸೈಕಲ್ಸ್. ಸ್ಟಿಲ್ ಚಿತ್ರಗಳಷ್ಟೇ ಇದ್ದಾಗ ಹೇಗೋ ನಡೆಯುತ್ತಿತ್ತು. ಆಮೇಲೆ ಬಿಲ್ಡರ್‌ಗಳು ವಾಕ್‌ಥ್ರೂ ಕೇಳೋಕೆ ಶುರು ಮಾಡಿದರು. ಗೇಟಿನಿಂದ ಒಳಗೆ ಬಂದು, ಲಿಫ್ಟ್ ದಾಟಿ, ಹಾಲು, ಅಡುಗೆಮನೆ ನೋಡಿ, ಬಾಲ್ಕನಿಯಲ್ಲಿ ನಿಲ್ಲುವ ಒಂದು ನಿಮಿಷದ ವಿಡಿಯೊ. ಸೆಕೆಂಡಿಗೆ 30 ಫ್ರೇಮ್ ಅಂದರೆ 1,800 ಚಿತ್ರ. ಒಂದೇ ಕಾರ್ಡಿನಲ್ಲಿ ಅದು ಇಡೀ ರಾತ್ರಿ ಓಡಿ ಮರುದಿನ ರಾತ್ರಿಗೆ ಮುಗಿಯುತ್ತಿತ್ತು. ಅಷ್ಟು ಹೊತ್ತೂ ಹುಡುಗರು ಸುಮ್ನೆ ಕೂರಬೇಕು.

ಹಾಗಾಗಿ ಹೊಸ ಮಷೀನು. 16 ಕೋರ್‌ಗಳ ರೈಜನ್ 9 7950ಎಕ್ಸ್, ಹೊಸ ಆರ್‌ಟಿಎಕ್ಸ್ 4090, ಜೊತೆಗೆ ಹಳೆಯ ಮಷೀನಿನಿಂದ ಬಿಚ್ಚಿ ತಂದ 3090. ರ್‍ಯಾಮ್ 32 ಜಿಬಿಯ ಎರಡು ಸ್ಟಿಕ್. "ಎರಡೂ ಕಾರ್ಡ್ ಕೂಡಿದ್ರ 48 ಜಿಬಿ ಮೆಮೊರಿ ಆಗತ್ತಲ್ರೀ?" ಅಂತ ಮಾಲೀಕರು ಕೇಳಿದರು. ಆಗುವುದಿಲ್ಲ. ತಲಾ 24 ಜಿಬಿ ನಿಜ, ಆದರೆ ಸೀನ್ (ಮಾಡೆಲ್, ಬಣ್ಣ, ಬೆಳಕು ಎಲ್ಲ ಸೇರಿದ ಡೇಟಾ) ಪೂರ್ತಿಯಾಗಿ ಒಂದೊಂದು ಕಾರ್ಡಿಗೂ ಬೇರೆ ಬೇರೆ ಹೋಗಿ ಕೂರಬೇಕು. ಎರಡು ಕಾರ್ಡನ್ನು ನೇರವಾಗಿ ಕೂಡಿಸುವ ಎನ್‌ವಿಲಿಂಕ್ ಜೋಡಣೆಯೇ 4090ಯಲ್ಲಿ ಇಲ್ಲ. ಇಷ್ಟನ್ನು ಸರಿಯಾಗಿ ಹೇಳಿದವನು ಬೋರ್ಡಿನ ವಿಷಯದಲ್ಲಿ ಎಡವಿದೆ.

ಅವರು ವಾಟ್ಸಾಪ್‌ನಲ್ಲಿ ಬೋರ್ಡಿನ ಫೋಟೊ ಕಳಿಸಿದಾಗ ನಾನು ಬಸ್ಸಿನಲ್ಲಿದ್ದೆ. ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ಕಾರ್ಡ್ ಕೂರಿಸುವ ಉದ್ದನೆಯ ಸ್ಲಾಟ್‌ಗಳು ಒಂದಕ್ಕಿಂತ ಹೆಚ್ಚು ಕಂಡವು. ಬಿ650 ಚಿಪ್‌ಸೆಟ್ (ಪ್ರೊಸೆಸರ್‌ಗೆ ನೆರವಾಗುವ ಬೋರ್ಡಿನ ಚಿಪ್), ಪ್ರೊಸೆಸರ್‌ಗೆ ಕರೆಂಟ್ ಹೊಂದಿಸಿ ಕೊಡುವ ವಿಆರ್‌ಎಂ ಮೇಲೆ ದಪ್ಪನೆಯ ಹೀಟ್‌ಸಿಂಕ್, ಬೆಲೆ ಸುಮಾರು 24,000 ರೂಪಾಯಿ. ಎರಡು ಕಾರ್ಡಿಗೆ ಎರಡು ಸ್ಲಾಟ್ ಇದೆಯಲ್ಲ ಅಂತ ಒಪ್ಪಿಗೆ ಕೊಟ್ಟೆ. ಮ್ಯಾನುಯಲ್ ತೆಗೆದು ನೋಡೋಕೆ ಐದು ನಿಮಿಷ ಸಾಕಿತ್ತು.

ಏನು ಕೆಟ್ಟಿತು

ಮೊದಲ ಪೆಟ್ಟು ಬಿದ್ದದ್ದು ಸ್ಕ್ರೂ ಡ್ರೈವರ್ ಹಿಡಿದಾಗಲೇ. ಸ್ಲಾಟ್‌ಗಳ ನಡುವಿನ ಅಂತರಕ್ಕೆ ಒಂದು ಅಳತೆಯಿದೆ, ಒಂದೊಂದು ಸ್ಥಾನಕ್ಕೂ 20.32 ಮಿಲಿಮೀಟರ್. ಈ ಬೋರ್ಡಿನಲ್ಲಿ ಎರಡನೇ ಉದ್ದ ಸ್ಲಾಟ್ ಮೂರು ಸ್ಥಾನ ಕೆಳಗಿತ್ತು. ಅಂದರೆ 61 ಮಿಲಿಮೀಟರ್. 4090ಯ ದಪ್ಪ 70. ಮೇಲೆ ಅದನ್ನು ಕೂರಿಸಿದರೆ ಕೆಳಗಿನ ಸ್ಲಾಟೇ ಮುಚ್ಚಿಹೋಗುತ್ತದೆ. ಉಳಿದದ್ದು ಒಂದೇ ದಾರಿ, ಸ್ವಲ್ಪ ತೆಳ್ಳಗಿದ್ದ 3090 ಮೇಲೆ, 4090 ಕೆಳಗೆ. ಹಾಗೇ ಕೂರಿಸಿದರು. ಎರಡರ ನಡುವೆ ಐದು ಮಿಲಿಮೀಟರ್ ಸಂದು, ಒಂದು ಪೆನ್ಸಿಲ್ ಕೂಡ ತೂರುವುದಿಲ್ಲ. 4090ಯ ಹೊಟ್ಟೆ ಪವರ್ ಸಪ್ಲೈ ಮುಚ್ಚಳಕ್ಕೆ ಹೆಚ್ಚೂಕಡಿಮೆ ತಾಗುತ್ತಿತ್ತು.

ಆದರೂ ಮಷೀನು ಎದ್ದಿತು, ಎರಡೂ ಕಾರ್ಡ್ ಕಾಣಿಸಿದವು, ಪೇಡೆ ಹಂಚಿದರು.

ಒಂದು ಫ್ರೇಮಿಗೆ 20 ಸೆಕೆಂಡ್ ಅಂತ ಲೆಕ್ಕ ಹಾಕಿದ್ದೆವು. 1,800 ಫ್ರೇಮ್ ಅಂದರೆ 10 ಗಂಟೆ. ರಾತ್ರಿ 8ಕ್ಕೆ ಹಚ್ಚಿದರೆ ಬೆಳಿಗ್ಗೆ 6ಕ್ಕೆ ಮುಗಿಯಬೇಕು. ಬೆಳಿಗ್ಗೆ ಬಂದು ನೋಡಿದರೆ ಇನ್ನೂ ಓಡುತ್ತಲೇ ಇತ್ತು. ಎಂಟು ಗಂಟೆ ದಾಟಿದ ಮೇಲೆ ಮುಗಿಯಿತು. ಮೂರು ರಾತ್ರಿ ಹೀಗೇ ಆಯಿತು.

ಕಾರಣ ಹಿಡಿದದ್ದು ಅಲ್ಲಿನ ಒಬ್ಬ ಹುಡುಗ. ಗ್ರಾಫಿಕ್ಸ್ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದ. ಅದರಲ್ಲಿ ಬಸ್ ಇಂಟರ್‌ಫೇಸ್ ಅನ್ನುವ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆಯ ಗುಂಡಿ ಇರುತ್ತದೆ. ಸುಮ್ಮನಿರುವಾಗ ಕಾರ್ಡ್ ತನ್ನ ವೇಗ ಇಳಿಸಿಕೊಂಡಿರುತ್ತೆ, ಆದ್ದರಿಂದ ಆ ಗುಂಡಿ ಒತ್ತಿ ಸ್ವಲ್ಪ ಕೆಲಸ ಕೊಟ್ಟರೆ ಮಾತ್ರ ನಿಜ ಗೊತ್ತಾಗೋದು. ಒತ್ತಿದ. 3090ಗೆ 16 ಲೇನ್ (ಡೇಟಾ ಓಡಾಡುವ ದಾರಿಗಳು). 4090ಗೆ 2 ಲೇನ್. ಮನೆಯಲ್ಲಿದ್ದ ನನಗೆ ಸ್ಕ್ರೀನ್‌ಶಾಟ್ ಬಂತು. ಕೆಳಗೆ ಒಂದೇ ಸಾಲು: "ಸರ, ಇದು ಖರೇನಾ?"

ಖರೇನೇ. ಏನಾಗಿತ್ತು ಅಂದರೆ, ಈ ಪ್ರೊಸೆಸರ್‌ನಿಂದ ಹೊರಬರುವ ಪಿಸಿಐಇ (ಕಾರ್ಡ್, ಡಿಸ್ಕ್ ಜೋಡಿಸುವ ಸಂಪರ್ಕ) ಲೇನ್‌ಗಳು ಒಟ್ಟು 28. ಅದರಲ್ಲಿ 4 ಚಿಪ್‌ಸೆಟ್‌ಗೆ ಹೋಗುತ್ತವೆ. ಉಳಿದ 24ರಲ್ಲಿ 16 ಗ್ರಾಫಿಕ್ಸ್‌ಗೆ, ಮಿಕ್ಕ 8 ಬೋರ್ಡಿನ ಮೇಲೇ ಕೂರುವ ಎಂ.2 ಎಸ್‌ಎಸ್‌ಡಿ ಮುಂತಾದವಕ್ಕೆ. ಎರಡನೇ ಕಾರ್ಡಿಗೆ ಲೇನ್ ಎಲ್ಲಿಂದ ತರೋದು? ಗ್ರಾಫಿಕ್ಸ್‌ನ 16ನ್ನೇ 8 ಮತ್ತು 8 ಅಂತ ಪಾಲು ಮಾಡುವುದು ಒಂದು ದಾರಿ. ಅದಕ್ಕೆ ಬೋರ್ಡಿನ ಮೇಲೆ ಹೆಚ್ಚಿನ ಚಿಪ್‌ಗಳು ಬೇಕು, ಖರ್ಚು ಜಾಸ್ತಿ. ಇನ್ನೊಂದು, ಚಿಪ್‌ಸೆಟ್‌ನಿಂದ ಎಳೆಯುವುದು. ಅಗ್ಗದ ಬೋರ್ಡ್‌ಗಳೆಲ್ಲ ಮಾಡುವುದು ಇದನ್ನೇ. ಪ್ಲಾಸ್ಟಿಕ್ ಸ್ಲಾಟ್ ಪೂರ್ತಿ ಉದ್ದ ಇರುತ್ತೆ, ಒಳಗೆ ತಂತಿ ಮಾತ್ರ ಎರಡು ಅಥವಾ ನಾಲ್ಕು ಲೇನಿನಷ್ಟು. ಆ ಚಿಪ್‌ಸೆಟ್ ಕೂಡ ಪ್ರೊಸೆಸರ್ ಜೊತೆ ಮಾತಾಡೋದು ನಾಲ್ಕೇ ಲೇನಿನಲ್ಲಿ. ನೆಟ್‌ವರ್ಕ್, ಯುಎಸ್‌ಬಿ, ಹಾರ್ಡ್ ಡಿಸ್ಕ್ ಎಲ್ಲ ಅಲ್ಲೇ ಸರದಿ ನಿಲ್ಲಬೇಕು.

ಮ್ಯಾನುಯಲ್‌ನಲ್ಲಿ ಇದೆಲ್ಲ ಬರೆದೇ ಇತ್ತು. ಕೋಷ್ಟಕದ ಕೊನೆಯ ಸಾಲಿನಲ್ಲಿ, ಪುಟ್ಟ ಅಕ್ಷರದಲ್ಲಿ.

ಆದರೆ ಎರಡು ಲೇನ್ ಅಂದ ಕೂಡಲೇ ಎದೆ ಬಡಿದುಕೊಳ್ಳಬೇಕಾಗಿಲ್ಲ. ಕ್ರಿಪ್ಟೊ ಮೈನಿಂಗ್ ಮಾಡುತ್ತಿದ್ದವರು ಒಂದೇ ಲೇನಿನಲ್ಲಿ ಕಾರ್ಡ್ ಓಡಿಸುತ್ತಿದ್ದರು. ರೆಂಡರ್‌ನಲ್ಲೂ ಸೀನ್ ಒಮ್ಮೆ ಕಾರ್ಡಿನೊಳಗೆ ಹೋದ ಮೇಲೆ ಲೆಕ್ಕವೆಲ್ಲ ಅಲ್ಲೇ ನಡೆಯುತ್ತೆ. ತೊಂದರೆ ಆಗೋದು ಒಳಗೆ ಹೋಗುವಾಗ. ಇವರ ಸೀನ್ ಸುಮಾರು 14 ಜಿಬಿ. ಪಿಸಿಐಇ 4.0ರ ಎರಡು ಲೇನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 4 ಜಿಬಿ ಹರಿಯುತ್ತದೆ. 16 ಲೇನಿನಲ್ಲಿ ಒಂದು ಸೆಕೆಂಡೂ ಹಿಡಿಯದ ಕೆಲಸಕ್ಕೆ ಇಲ್ಲಿ ಸುಮಾರು ನಾಲ್ಕು ಸೆಕೆಂಡ್ ಜಾಸ್ತಿ. ಒಂದು ಸ್ಟಿಲ್ ಚಿತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಅನಿಮೇಶನ್‌ನಲ್ಲಿ ಪ್ರತಿ ಫ್ರೇಮಿಗೂ ಹೊಸದಾಗಿ ಲೋಡ್ ಆಗುತ್ತಿತ್ತು. 1,800ಕ್ಕೆ ನಾಲ್ಕು ಸೆಕೆಂಡಿನಂತೆ 7,200 ಸೆಕೆಂಡ್, ಸರಿಯಾಗಿ ಎರಡು ಗಂಟೆ. ಎರಡೂ ಕಾರ್ಡ್ ಒಂದೇ ಫ್ರೇಮ್ ಮಾಡುತ್ತಿದ್ದರಿಂದ ಮೇಲಿನ 3090 ಕೂಡ ಕೆಳಗಿನದಕ್ಕಾಗಿ ಕಾಯುತ್ತಿತ್ತು.

ಬೋರ್ಡ್ ಬದಲಿಸದೆ ಮಾಡಿದ ಪ್ರಯತ್ನಗಳು

ಹೊಸ ಬೋರ್ಡ್ ತರಿಸಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಆಗಷ್ಟೇ ದುಡ್ಡು ಖರ್ಚು ಮಾಡಿಸಿದ್ದೆ.

ಮೊದಲು ಬ್ಲೆಂಡರ್‌ನ ಪರ್ಸಿಸ್ಟೆಂಟ್ ಡೇಟಾ ಆಯ್ಕೆ ಹಾಕಿದೆವು. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗದ ಸಾಮಾನನ್ನು ಅದು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತೆ. ಒಳಾಂಗಣದ ಶಾಟ್‌ಗಳಲ್ಲಿ ಕ್ಯಾಮೆರಾ ಮಾತ್ರ ಚಲಿಸುತ್ತೆ, ಅಲ್ಲಿ ಚೆನ್ನಾಗಿ ಕೆಲಸ ಮಾಡಿತು. ಹೊರಗಿನ ಶಾಟ್‌ನಲ್ಲಿ ಮರಗಳೆಲ್ಲ ಗಾಳಿಗೆ ಅಲ್ಲಾಡಬೇಕು, ಜನ ನಡೆಯಬೇಕು. ಬದಲಾಗುವುದೇ ಜಾಸ್ತಿಯಾದಾಗ ಉಳಿತಾಯ ಕಡಿಮೆ.

ಎರಡನೇದು ಆ ಹುಡುಗನ ತಲೆಯಿಂದ ಬಂದದ್ದು, ನನಗೆ ಈಗಲೂ ಇಷ್ಟ. ಎರಡು ಕಾರ್ಡ್ ಸೇರಿ ಒಂದು ಫ್ರೇಮ್ ಯಾಕೆ ಮಾಡಬೇಕು? ಎರಡು ಬ್ಲೆಂಡರ್ ತೆರೆದು ಒಂದಕ್ಕೊಂದು ಕಾರ್ಡ್ ಕಟ್ಟಿದರೆ? ಸಣ್ಣ ಬ್ಯಾಚ್ ಫೈಲ್ ಬರೆದ. ಔಟ್‌ಪುಟ್‌ನಲ್ಲಿ ಓವರ್‌ರೈಟ್ ತೆಗೆದು, ಪ್ಲೇಸ್‌ಹೋಲ್ಡರ್ಸ್ ಹಾಕಿದ. ಆಗ ಒಂದು ಬ್ಲೆಂಡರ್ ಯಾವ ಫ್ರೇಮ್ ಶುರು ಮಾಡುತ್ತದೋ ಅದರ ಹೆಸರಲ್ಲಿ ಖಾಲಿ ಫೈಲ್ ಇಡುತ್ತೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಇನ್ನೊಂದು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೆ. ಯಾರೂ ಯಾರಿಗೂ ಕಾಯೋದಿಲ್ಲ. ಎರಡು ಗಂಟೆಯ ನಷ್ಟ ಮುಕ್ಕಾಲು ಗಂಟೆಯ ಒಳಗೆ ಬಂತು. ಒಂದು ರೂಪಾಯಿ ಖರ್ಚಿಲ್ಲ.

ಖರ್ಚು ಬೇರೆ ಕಡೆಯಿಂದ ಬಂತು. ಎರಡು ಬ್ಲೆಂಡರ್ ಅಂದರೆ ಸೀನ್ ರ್‍ಯಾಮಿನಲ್ಲೂ ಎರಡು ಸಲ. ಒಂದೊಂದಕ್ಕೆ 30 ಜಿಬಿ ದಾಟಿ 64 ಜಿಬಿ ತುಂಬಿಹೋಯಿತು. ಸರಿ, ಖಾಲಿ ಇದ್ದ ಎರಡು ಜಾಗಕ್ಕೆ ಅದೇ ಕಂಪನಿಯ ಇನ್ನೆರಡು 32 ಜಿಬಿ ಸ್ಟಿಕ್ ಹಾಕಿ ಅಂದೆ. ಹಾಕಿದರು. ಹತ್ತು ನಿಮಿಷಕ್ಕೆ ಫೋನ್ ಬಂತು.

"ಡಿಸ್‌ಪ್ಲೇನ ಬರವಲ್ದ್ರೀ ಸರ. ಬೋರ್ಡ್ ಹೋತ್ ಕಾಣಸ್ತದ."

"ಆನ್ ಮಾಡಿ ಎಷ್ಟು ಹೊತ್ತಾತು?"

"ನಾಲ್ಕು ಸಲ ಆಫ್ ಆನ್ ಮಾಡೇನ್ರೀ."

"ಕೈ ತಗಿ. ಚಾ ಕುಡದ್ ಬಾ, ಮುಟ್ಟಬ್ಯಾಡ."

ಡಿಡಿಆರ್5 ಸ್ಟಿಕ್ ಬದಲಿಸಿದ ಮೇಲೆ ಮೊದಲ ಸಲ ಮಷೀನು ಮೆಮೊರಿಯನ್ನು ತಾನೇ ಅಳೆದು ಹೊಂದಿಸಿಕೊಳ್ಳುತ್ತೆ. ಸ್ಟಿಕ್ ನಾಲ್ಕಿದ್ದರೆ ಹಲವು ನಿಮಿಷ ಪರದೆ ಕಪ್ಪಾಗೇ ಇರುತ್ತೆ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿಂದ. ಅವನು ಚಹಾ ಕುಡಿದು ಬರುವಷ್ಟರಲ್ಲಿ ಎದ್ದಿತ್ತು. ಆದರೆ ವೇಗ 3600ಕ್ಕೆ ಇಳಿದಿತ್ತು. ಇದು ಕೆಟ್ಟದ್ದಲ್ಲ, ಲೆಕ್ಕವೇ ಹಾಗೆ: ಈ ಪ್ರೊಸೆಸರ್‌ಗೆ ಅಧಿಕೃತವಾಗಿ ಎರಡು ಸ್ಟಿಕ್ ಇದ್ದರೆ 5200, ನಾಲ್ಕಿದ್ದರೆ 3600. ಹುಡುಗನಿಗೆ ಸಮಾಧಾನ ಆಗಲಿಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಪೋ ಅನ್ನುವ ಹೆಚ್ಚು ವೇಗದ ಆಯ್ಕೆ ಹಾಕಿ 6000ಕ್ಕೆ ಏರಿಸಿದ. ಹಗಲೆಲ್ಲ ಓಡಿತು. ರಾತ್ರಿ 611ನೇ ಫ್ರೇಮಿಗೆ ನೀಲಿ ಪರದೆ. ಬೆಳಿಗ್ಗೆ 10ಕ್ಕೆ ಬಿಲ್ಡರ್ ಬರುವವರಿದ್ದರು.

ಇಷ್ಟರಲ್ಲಿ ಮಾರ್ಚ್ ಬಂತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಸಂಜೆ ಎಲ್ಲರೂ ಮನೆಗೆ ಹೋಗುವಾಗ ಎಸಿ ಆಫ್ ಮಾಡುವುದು ಅಲ್ಲಿನ ರೂಢಿ. ರಾತ್ರಿಯ ಉಷ್ಣತೆಯ ದಾಖಲೆ ತೆಗೆದು ನೋಡಿದರೆ 3090ಯ ಮೆಮೊರಿ 108 ಡಿಗ್ರಿ. 110ರ ಹತ್ತಿರ ಬಂದರೆ ಕಾರ್ಡ್ ತಾನೇ ವೇಗ ಇಳಿಸುತ್ತೆ. 3090ಯಲ್ಲಿ ಒಂದು ವಿಶೇಷ ಇದೆ. ಅದರ 24 ಮೆಮೊರಿ ಚಿಪ್‌ಗಳಲ್ಲಿ ಅರ್ಧ ಮುಂದೆ, ಅರ್ಧ ಬೆನ್ನಿಗೆ. ಬೆನ್ನಿನ ಕಡೆ ಫ್ಯಾನ್ ಇಲ್ಲ. ಇಲ್ಲಿ ಬೆನ್ನಿಗೆ ಪ್ರೊಸೆಸರ್ ಕೂಲರ್‌ನ ಬಿಸಿ, ಹೊಟ್ಟೆಗೆ ಐದು ಮಿಲಿಮೀಟರ್ ದೂರದಲ್ಲಿ 4090ಯ ಬೆನ್ನು. ಉಸಿರಾಡೋಕೆ ಜಾಗವೇ ಇಲ್ಲ. ಕ್ಯಾಬಿನೆಟ್ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟರು. ಉಷ್ಣತೆ ಇಳಿಯಿತು, ಧೂಳು ಏರಿತು.

ಬೋರ್ಡ್ ಬದಲಿಸಲೇಬೇಕು ಅಂತ ನಾನು ಒಪ್ಪಿಕೊಂಡದ್ದು ಆಗ. ಲೇನ್‌ಗಾಗಿ ಅಲ್ಲ. ಲೇನಿನ ತೊಂದರೆಯನ್ನು ಹುಡುಗನ ಬ್ಯಾಚ್ ಫೈಲ್ ಆಗಲೇ ಬಹುಪಾಲು ಬಗೆಹರಿಸಿತ್ತು. ಬೋರ್ಡ್ ಬದಲಿಸಬೇಕಾದದ್ದು ಆ 61 ಮಿಲಿಮೀಟರ್‌ಗಾಗಿ.

ಮೂರು ದಾರಿ

ಮಾಲೀಕರ ಮನಸ್ಸು ಥ್ರೆಡ್‌ರಿಪ್ಪರ್ ಅನ್ನುವ ದೊಡ್ಡ ಪ್ರೊಸೆಸರ್ ಮೇಲೆ ಇತ್ತು. 2023ರ ನವೆಂಬರ್‌ನಲ್ಲಿ 7000 ಸರಣಿ ಬಂದಿತ್ತು, ಟಿಆರ್‌ಎಕ್ಸ್50 ಬೋರ್ಡ್‌ಗಳ ಜೊತೆ. ಲೇನ್‌ಗಳಿಗೆ ಅಲ್ಲಿ ಬರವಿಲ್ಲ, ಮೆಮೊರಿಗೆ ನಾಲ್ಕು ಚಾನೆಲ್. "ಒಮ್ಮೆ ಹಾಕಿಬಿಟ್ರ ಐದು ವರ್ಷ ನೋಡೂದ ಬ್ಯಾಡ" ಅಂದರು. ಆ ಮಾತು ತಪ್ಪಲ್ಲ. ಆದರೆ 24 ಕೋರ್‌ನ ಅತಿ ಚಿಕ್ಕ ಪ್ರೊಸೆಸರ್‌ಗೇ ಬಿಡುಗಡೆಯ ಬೆಲೆ 1,499 ಡಾಲರ್. ಆ ಬೋರ್ಡ್ ಸರ್ವರ್ ಮಾದರಿಯ ರಿಜಿಸ್ಟರ್ಡ್ ಮೆಮೊರಿಯನ್ನು ಮಾತ್ರ ತಗೊಳ್ಳುತ್ತೆ, ಇರುವ ನಾಲ್ಕು ಸ್ಟಿಕ್‌ಗಳೂ ದಂಡ. ಪ್ರೊಸೆಸರ್ ಒಂದೇ 350 ವ್ಯಾಟ್. ನಾನು ಕೇಳಿದೆ, ನಿಮ್ಮ ರೆಂಡರ್‌ನಲ್ಲಿ ಪ್ರೊಸೆಸರ್ ಮಾಡೋ ಕೆಲಸ ಎಷ್ಟು? ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದೆ. ಫ್ರೇಮಿನ ಶುರುವಿನಲ್ಲಿ ಒಮ್ಮೆ ಎದ್ದು ಆಮೇಲೆ ಮಲಗುತ್ತಿತ್ತು. ಇವರು ಕರೋನಾ ರೆಂಡರರ್ ಬಳಸುವವರಾಗಿದ್ದರೆ (ರೋಗಕ್ಕಿಂತ ಮೊದಲಿನಿಂದ ಇರುವ ಹೆಸರು ಅದು) ನನ್ನ ಉತ್ತರ ತಲೆಕೆಳಗಾಗುತ್ತಿತ್ತು. ಅದು ಓಡೋದೇ ಪ್ರೊಸೆಸರ್ ಮೇಲೆ.

ಎರಡನೇ ದಾರಿ, 3090ಯನ್ನು ಹಳೆಯ ಮಷೀನಿಗೇ ವಾಪಸ್ ಹಾಕಿ ನೆಟ್‌ವರ್ಕ್ ಫೋಲ್ಡರ್ ಮೂಲಕ ಫ್ರೇಮ್ ಹಂಚುವುದು. ಬೋರ್ಡ್ ಬೇಡ, ಬಿಸಿ ಇಲ್ಲ, ರ್‍ಯಾಮ್ ಸಾಕು. ಬರೀ ಅನಿಮೇಶನ್ ಮಾಡುವ ಸ್ಟುಡಿಯೊ ಆಗಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ, ಮರುಮಾತಿಲ್ಲ. ಇಲ್ಲಿ ಎರಡು ಅಡ್ಡಿ. ಹಳೆಯ ಮಷೀನಿನಲ್ಲಿ ಹಗಲೆಲ್ಲ ಒಬ್ಬಳು ಮಾಡೆಲಿಂಗ್ ಮಾಡುತ್ತಾಳೆ. ಇನ್ನೊಂದು, ಗಿರಾಕಿ ಪಕ್ಕದ ಕುರ್ಚಿಯಲ್ಲಿ ಕೂತು "ಆ ಟೈಲ್ಸ್ ಬದಲಿಸಿ ತೋರಸ್ರಿ" ಅನ್ನುವಾಗ ವ್ಯೂಪೋರ್ಟ್ (ಕೆಲಸ ಮಾಡುವಾಗಲೇ ಚಿತ್ರ ತೋರಿಸುವ ಕಿಟಕಿ) ಬೇಗ ತಿಳಿಯಾಗಬೇಕು, ಅದಕ್ಕೆ ಎರಡೂ ಕಾರ್ಡ್ ಒಂದೇ ಮಷೀನಿನಲ್ಲಿ ಬೇಕು.

ಹಾಗಾಗಿ ಮೂರನೇದು. ಇದೇ ಪ್ರೊಸೆಸರ್, 8 ಮತ್ತು 8 ಅಂತ ಲೇನ್ ಪಾಲು ಮಾಡುವ ಬೋರ್ಡ್, ಎರಡು ಸ್ಲಾಟ್ ನಡುವೆ ನಾಲ್ಕು ಸ್ಥಾನ.

ಈ ಸಲ ಫೋಟೊ ನೋಡಿ ಒಪ್ಪಿಗೆ ಕೊಡಲಿಲ್ಲ. ಐದು ಬೋರ್ಡ್‌ಗಳ ಮ್ಯಾನುಯಲ್ ಇಳಿಸಿಕೊಂಡು ಸ್ಲಾಟ್ ಕೋಷ್ಟಕ ಒಂದೊಂದೇ ಓದಿದೆವು. ಎರಡರಲ್ಲಿ ಎರಡನೇ ಸ್ಲಾಟ್ ಮತ್ತೆ ಚಿಪ್‌ಸೆಟ್‌ನದೇ, ಬೆಲೆ ಮಾತ್ರ 40,000ದ ಮೇಲೆ. ಎಕ್ಸ್670ಇ ಅಂತ ದುಬಾರಿ ಚಿಪ್‌ಸೆಟ್‌ನ ಹೆಸರು ಪೆಟ್ಟಿಗೆ ಮೇಲೆ ಇದ್ದರೆ 8 ಮತ್ತು 8 ಇದ್ದೇ ಇರುತ್ತೆ ಅಂದುಕೊಂಡಿದ್ದೆ, ಹಾಗೇನಿಲ್ಲ. ಒಂದರಲ್ಲಿ ಪಾಲು ಇತ್ತು, ಅಂತರ ಮೂರೇ ಸ್ಥಾನ.

ಅಂತರ ಅಳೆದ ರೀತಿಯೇ ನನಗೆ ಈ ಇಡೀ ಪ್ರಕರಣದಲ್ಲಿ ಖುಷಿ ಕೊಟ್ಟದ್ದು. ಮಾಡೆಲಿಂಗ್ ಮಾಡುವ ಆ ಹುಡುಗಿ ಬೋರ್ಡಿನ ನೇರ ಫೋಟೊವನ್ನು ಬ್ಲೆಂಡರ್‌ಗೆ ಹಾಕಿ, ಎಟಿಎಕ್ಸ್ ಅಳತೆ 305ಕ್ಕೆ 244 ಮಿಲಿಮೀಟರ್ ಅಂತ ಹಿಗ್ಗಿಸಿದಳು. ಎರಡು ಕಾರ್ಡನ್ನು ಡಬ್ಬಿಯ ಹಾಗೆ ಕಟ್ಟಿ ಸ್ಲಾಟ್ ಮೇಲೆ ಕೂರಿಸಿದಳು. ನಾಲ್ಕು ಸ್ಥಾನ ಅಂದರೆ 81 ಮಿಲಿಮೀಟರ್, 4090 ಹೋಗಿ ಒಂದು ಸೆಂಟಿಮೀಟರ್ ಉಳಿಯಿತು. ತಿರುಗಿಸಿ ನೋಡಿ, "ಸರ, ಕೆಳಗಿನ ಕಾರ್ಡ್ ಬೋರ್ಡ್ ದಾಟಿ ಹೊರಗ ಬರ್ತದ" ಅಂದಳು. ನಾನು ಯೋಚಿಸಿಯೇ ಇರಲಿಲ್ಲ. ಕ್ಯಾಬಿನೆಟ್ ಹಿಂಬದಿಯಲ್ಲಿ ಕಾರ್ಡ್ ಬಿಗಿಯುವ ಏಳು ಪಟ್ಟಿ ಇದ್ದರೆ ಸಾಲದು, ಎಂಟು ಬೇಕು. ಇವರದರಲ್ಲಿ ಏಳೇ ಇತ್ತು. ಹೊಸ ಕ್ಯಾಬಿನೆಟ್ ಕೂಡ ಖರೀದಿಗೆ ಸೇರಿತು. ಊರಿಗೆಲ್ಲ ಮನೆಗಳ ಒಳಗನ್ನು ಕಟ್ಟುವ ಮೊದಲೇ ತೋರಿಸುವ ಜನ, ತಮ್ಮ ಮಷೀನಿನ ಒಳಗನ್ನು ಮೊದಲ ಸಲ ಹಾಗೆ ನೋಡಿದ್ದರು.

ಆಮೇಲೆ

ಬೋರ್ಡ್ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂತು. 46,000 ರೂಪಾಯಿ, ಮೇಲೆ 18 ಶೇಕಡಾ ಜಿಎಸ್‌ಟಿ. ಹಳೆಯ ಬೋರ್ಡನ್ನು ಊರಿನ ಒಬ್ಬ ಡೀಲರ್ 14,000ಕ್ಕೆ ತಗೊಂಡರು. ತಗೊಳ್ಳುವ ಮೊದಲು ಮೊಬೈಲ್ ಟಾರ್ಚ್ ಹಾಕಿ ಸಾಕೆಟ್ ಒಳಗೆ ಎರಡು ನಿಮಿಷ ಇಣುಕಿದರು. ಎಎಂ5 ಅನ್ನುವ ಈ ಸಾಕೆಟ್‌ನಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿಲ್ಲ, ಬೋರ್ಡಿನಲ್ಲಿವೆ, 1,718. ಒಂದು ಬಾಗಿದರೂ ಬೋರ್ಡಿಗೆ ಬೆಲೆ ಇಲ್ಲ.

ನಾಲ್ಕು ಸ್ಟಿಕ್ ಮಾರಿ 48 ಜಿಬಿಯ ಎರಡು ತಂದೆವು. 96 ಜಿಬಿ. ಎರಡೇ ಇದ್ದದ್ದರಿಂದ 6000ದಲ್ಲಿ ಸದ್ದಿಲ್ಲದೆ ನಿಂತಿತು. ಈಗ 4090 ಮೇಲೆ, 3090 ಕೆಳಗೆ ತಣ್ಣನೆ ಗಾಳಿಯಲ್ಲಿ. ಅದರ ಮೆಮೊರಿ 94 ಡಿಗ್ರಿ ದಾಟಲಿಲ್ಲ, ಏಪ್ರಿಲ್‌ನಲ್ಲೂ. ಜಿಪಿಯು-ಝಡ್ ಎರಡಕ್ಕೂ 8 ಲೇನ್ ತೋರಿಸಿತು. 16ರಿಂದ 8ಕ್ಕೆ ಇಳಿದದ್ದರಿಂದ ಫ್ರೇಮಿಗೆ ಹೆಚ್ಚಿದ್ದು ಅರ್ಧ ಸೆಕೆಂಡ್. ರಾತ್ರಿ 8ಕ್ಕೆ ಹಚ್ಚಿದ್ದು ಬೆಳಿಗ್ಗೆ 6ರ ಆಸುಪಾಸಿನಲ್ಲಿ ಮುಗಿಯುತ್ತಿದೆ.

ಕರೆಂಟಿನ ವಿಷಯ ಚಿಕ್ಕದಾಗಿ. 450, 350, 230 ವ್ಯಾಟ್ ಕೂಡಿದರೆ 1,030, ಇದು ಎರಡು ಕಾರ್ಡ್ ಮತ್ತು ಪ್ರೊಸೆಸರ್ ಮಾತ್ರ. ಇಷ್ಟನ್ನೂ ಅವರು 6 ಆಂಪ್ ಸಾಕೆಟ್ಟಿಗೆ ಸ್ಪೈಕ್ ಗಾರ್ಡ್ ಹಾಕಿ, ಅದರಲ್ಲೇ ಎರಡು ಮಾನಿಟರ್ ಕೂಡ ಸಿಕ್ಕಿಸಿದ್ದರು. ಎಲೆಕ್ಟ್ರಿಷಿಯನ್ ಕರೆಸಿ 16 ಆಂಪ್ ಪಾಯಿಂಟ್ ಹಾಕಿಸಿದೆವು. 4090ಯ ಪವರ್ ಮಿತಿಯನ್ನು 75 ಶೇಕಡಾಕ್ಕೆ ಇಳಿಸಿದೆವು, ರೆಂಡರ್ ಸಮಯದಲ್ಲಿ ವ್ಯತ್ಯಾಸ ಗೊತ್ತಾಗುವಷ್ಟು ಬರಲಿಲ್ಲ.

ಹಿಂದಿರುಗಿ ಲೆಕ್ಕ ಹಾಕಿದರೆ, ಸಮಯದಲ್ಲಿ ಹೊಸ ಬೋರ್ಡ್ ಉಳಿಸಿದ್ದು ಆ ಕೊನೆಯ ಮುಕ್ಕಾಲು ಗಂಟೆ ಮಾತ್ರ. ಅದಕ್ಕಿಂತ ಹೆಚ್ಚಿನದನ್ನು ಹುಡುಗನ ಎರಡು ಟಿಕ್ ಮಾರ್ಕ್ ಉಳಿಸಿದವು. ಬೋರ್ಡ್ ಕೊಟ್ಟದ್ದು ಬೇರೆ: ಬಿಸಿ ಇಳಿಯಿತು, ರಾತ್ರಿ ನಿಲ್ಲದೆ ಓಡಿತು, ಗಿರಾಕಿ ಎದುರು ವ್ಯೂಪೋರ್ಟ್ ತಡವರಿಸಲಿಲ್ಲ. ಇದನ್ನು ಮಾಲೀಕರಿಗೂ ಹೀಗೇ ಹೇಳಿದೆ. ಅವರು ನಕ್ಕು ಹುಡುಗನ ಸಂಬಳ ಏರಿಸಿದರು, ನನ್ನ ಬಿಲ್ಲಿನಲ್ಲಿ ಸ್ವಲ್ಪ ಇಳಿಸಿದರು. ನ್ಯಾಯವೇ.

ಈಗ ಯಾರಾದರೂ ರೆಂಡರ್ ಮಷೀನಿಗೆ ಬೋರ್ಡ್ ಕೇಳಿದರೆ ನಾನು ಮೊದಲು ಕೇಳೋದು ಬಜೆಟ್ ಅಲ್ಲ. ನಿಮ್ಮ ಒಂದು ಫ್ರೇಮಿಗೆ ಎಷ್ಟು ಸೆಕೆಂಡ್, ಅದರಲ್ಲಿ ಲೋಡ್ ಆಗೋಕೆ ಎಷ್ಟು? ಒಂದು ಸ್ಟಿಲ್‌ಗೆ 40 ನಿಮಿಷ ಹಿಡಿಯುವವರಿಗೆ ಎರಡು ಲೇನಿನ ಸ್ಲಾಟ್ ಕೂಡ ನಡೆಯುತ್ತೆ, ಅವರ ದುಡ್ಡು ನಾನ್ಯಾಕೆ ಹಾಳು ಮಾಡಿಸಲಿ? 15 ಸೆಕೆಂಡಿನ ಫ್ರೇಮ್ ಸಾವಿರಗಟ್ಟಲೆ ಮಾಡುವವರಿಗೆ ನಡೆಯೋದಿಲ್ಲ. ಆಮೇಲೆ ಕಾರ್ಡಿನ ದಪ್ಪ ಕೇಳುತ್ತೇನೆ, ಮಿಲಿಮೀಟರ್‌ನಲ್ಲಿ. ಮ್ಯಾನುಯಲ್ ತೆರೆಯೋದು ಆಮೇಲೆ.

ಹೊಸ ಬೋರ್ಡಿನ ಮ್ಯಾನುಯಲ್‌ನಲ್ಲೂ ಪುಟ್ಟ ಅಕ್ಷರದ ಒಂದು ಸಾಲಿದೆ. ಅದರ ಎರಡನೇ ಎಂ.2 ಜಾಗ ತುಂಬಿದರೆ ಕೆಳಗಿನ ಸ್ಲಾಟ್ 8ರಿಂದ 4 ಲೇನಿಗೆ ಇಳಿಯುತ್ತೆ. ಮೊನ್ನೆ ಡಿಸ್ಕ್ ತುಂಬಿತು ಅಂತ ಹೊಸ ಎಸ್‌ಎಸ್‌ಡಿ ತಂದರಂತೆ. ಹುಡುಗ ಬಾಗಿಲು ತೆರೆದು ನೋಡಿದರೆ ಆ ಜಾಗದ ಮೇಲೆ ಬಿಳಿ ಟೇಪ್, ಅದರ ಮೇಲೆ ಮಾರ್ಕರ್‌ನಲ್ಲಿ ಅವನದೇ ಅಕ್ಷರ: "ಇಲ್ಲಿ ಬ್ಯಾಡ. ಕೆಳಗಿಂದ್ರಾಗ ಹಾಕು."